ಹುಳುವಿನ ಮುಖ

ನೀವು ದೇವಾಲಯದ ಹೊರಗೆ ಕೊನೆಯ ಬಾರಿ ಮೊಣಕಾಲೂರಿದ್ದು ಯಾವಾಗ? ಬಿದ್ದುಹೋದ ಚಿಲ್ಲರೆ ಹುಡುಕಲು, ಮಂಚದಡಿಯ ಚಪ್ಪಲಿ ಎಳೆಯಲು ಮಂಡಿಯೂರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏನನ್ನೋ ಸರಿಯಾಗಿ ನೋಡಬೇಕು ಎಂಬ ಒಂದೇ ಕಾರಣಕ್ಕೆ ಮಣ್ಣಿನ ಮೇಲೆ ಮಂಡಿಯೂರಿದ್ದು ಯಾವಾಗ? ನನಗಂತೂ ನೆನಪಿರಲಿಲ್ಲ. ಮೂವತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು ನಾನು. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆದರೆ ಒಂದು ಜೇಡದ ಮುಂದೆ ಐದು ನಿಮಿಷ ಸುಮ್ಮನೆ ಕುಳಿತು ನೋಡಿದವನಲ್ಲ.

ಆ ಕೊರತೆಯನ್ನು ನೀಗಿಸಿದವನು ನನ್ನ ತಮ್ಮನ ಮಗ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನ್ನ ತಮ್ಮನಿಗೆ ಎರಡು ಎಕರೆ ಹಿಪ್ಪುನೇರಳೆ ತೋಟವಿದೆ, ಪಕ್ಕದಲ್ಲೇ ಹುಳುಮನೆ. ಹುಡುಗ ಓದುತ್ತಿರುವುದು ಮೈಸೂರಿನಲ್ಲಿ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅವನು ರಜಕ್ಕೆ ಊರಿಗೆ ಬಂದಿದ್ದ, ನಾನೂ ಹೋಗಿದ್ದೆ. ಬೆಳಿಗ್ಗೆ ನಾಲೆಯ ಏರಿಯ ಮೇಲೆ ಹೊಟ್ಟೆಯಡಿಯಾಗಿ ಮಲಗಿಕೊಂಡು ಹುಲ್ಲಿಗೆ ಕ್ಯಾಮೆರಾ ಒಡ್ಡಿದ್ದ. ದನ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು, "ಏನ್ ಮೇಷ್ಟ್ರೇ, ನಿಮ್ಮ ಹುಡುಗ ಏನೋ ಕಳ್ಕೊಂಡವ್ನಾ?" ಎಂದು ಕೇಳಿದರು. "ಇಲ್ಲ, ಏನೋ ಸಿಕ್ಕಿರಬೇಕು" ಎಂದೆ. ನಂತರ ಏನು ಸಿಕ್ಕಿದೆಯೆಂದು ನೋಡಲು ನಾನೂ ಮಂಡಿಯೂರಬೇಕಾಯಿತು.

ಹುಲ್ಲಿನ ಎಸಳಿನ ಮೇಲೆ ಒಂದು ಕೆಂಪು ಚುಕ್ಕೆ ನಡೆಯುತ್ತಿತ್ತು. ಇಂದ್ರಗೋಪ. ಮೊದಲ ಮಳೆಗೆ ನೆಲದಿಂದ ಎದ್ದು ಬರುವ, ಮಖಮಲ್ಲಿನ ಗುಂಡಿಯಂತಹ ಪುಟ್ಟ ಜೀವಿ. ಚಿಕ್ಕಂದಿನಲ್ಲಿ ನಾವು ಅದನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಹುಡುಗ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಚಿತ್ರ ತೋರಿಸಿದ. ಬೆಂಕಿಪೊಟ್ಟಣದ ದಿನಗಳಲ್ಲಿ ನನಗೆ ಕಂಡದ್ದು ಬಣ್ಣ ಮಾತ್ರವೆಂದು ಅರಿವಾಯಿತು. ಮೈಯ ಪ್ರತಿಯೊಂದು ಕೂದಲೂ ಬೇರೆ ಬೇರೆಯಾಗಿ ನಿಂತಿತ್ತು. ಕಾಲು ಎಣಿಸಿದೆ, ಎಂಟು. ಅಂದರೆ ಅದು ಹುಳುವಿಗಿಂತ ಜೇಡದ ಕಡೆಯ ನಂಟ. ಅರವತ್ತು ದಾಟಿದ ಮೇಲೆ ಅದನ್ನು ನನ್ನ ಕಣ್ಣಿನಿಂದಲೇ ಎಣಿಸಿದೆ ಎಂಬುದು ಸಂತೋಷವೂ ಹೌದು, ನಾಚಿಕೆಯೂ ಹೌದು.

ಈ ಬಗೆಯ ಛಾಯಾಗ್ರಹಣಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಅದರ ಲೆಕ್ಕ ಸರಳ. ಹುಳು ಎಷ್ಟು ದೊಡ್ಡದಿದೆಯೋ ಅಷ್ಟೇ ದೊಡ್ಡ ಬಿಂಬ ಕ್ಯಾಮೆರಾದೊಳಗಿನ ಫಿಲ್ಮಿನ ಮೇಲೆ, ಈಗಿನ ಕ್ಯಾಮೆರಾಗಳಲ್ಲಿ ಸೆನ್ಸರ್ ಮೇಲೆ, ಬೀಳಬೇಕು. ಸಾಮಾನ್ಯ ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಅದರಲ್ಲಿ ಒಂದು ಆನೆಯೂ ಹಿಡಿಸುತ್ತದೆ, ಪರ್ವತವೂ ಹಿಡಿಸುತ್ತದೆ, ಆದರೆ ಕುಗ್ಗಿಕೊಂಡು. ಇಲ್ಲಿ ಮಾತ್ರ ಇರುವೆ ತನ್ನ ಪೂರ್ಣ ಅಳತೆಯಲ್ಲಿ ಬಂದು ಕೂರುತ್ತದೆ. ಇದಕ್ಕಾಗಿಯೇ ಮಾಡಿದ ಲೆನ್ಸ್ ದುಬಾರಿ. ನಮ್ಮ ಹುಡುಗನ ಬಳಿ ಇದ್ದದ್ದು ಯಾರೋ ಕೊಟ್ಟ ಹಳೆಯ ಐವತ್ತು ಮಿಲಿಮೀಟರಿನ ಲೆನ್ಸ್. ಅದನ್ನು ಹಿಂದುಮುಂದಾಗಿ ತಿರುಗಿಸಿ, ಒಂದು ಅಗ್ಗದ ಬಳೆಯ ಸಹಾಯದಿಂದ ಕ್ಯಾಮೆರಾಕ್ಕೆ ಕೂಡಿಸಿಕೊಂಡಿದ್ದ. ತಿರುಗಿಸಿ ಹಾಕಿದ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ತೋರಿಸುತ್ತದೆ. ಒಂದೇ ತೊಂದರೆಯೆಂದರೆ, ಹುಳುವಿನಿಂದ ಒಂದು ಗೇಣಿಗಿಂತ ಹತ್ತಿರ ಹೋಗಬೇಕು, ಹೋದ ಮೇಲೂ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಸುಪಾಸು ಅಷ್ಟೇ. ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ನಾವು ಉಸಿರು ಬಿಟ್ಟರೆ ಎರಡೂ ಮಸುಕು.

ನರಸೀಪುರದವರಿಗೆ ಚಿಕ್ಕದರ ಮಹಿಮೆಯನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಪಿಲೆ ಕಾವೇರಿಗೆ ಸೇರುವ ಅಲ್ಲಿಯ ಸಂಗಮದ ದಡದಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ಗುಂಜಾ ಎಂದರೆ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಮ್ಮ ಹಿಂದೂ ಬಂಧುಗಳ ನಂಬಿಕೆ. ಚಿಕ್ಕಂದಿನಿಂದ ಕೇಳಿದ ಮಾತು ಅದು. ಅಷ್ಟು ದೊಡ್ಡ ಕಾಶಿಯನ್ನು ತಕ್ಕಡಿಗೆ ಹಾಕಿ, ಇನ್ನೊಂದು ಕಡೆ ಒಂದು ಕಾಳು ಇಟ್ಟು ತೂಗಿದವರ ಧೈರ್ಯ ನನಗೆ ಈಗಲೂ ಇಷ್ಟ.

ಮುಂದಿನ ಮೂರು ನಾಲ್ಕು ದಿನ ನಾನು ಅವನ ಹಿಂದೆಯೇ ತಿರುಗಿದೆ. ಹಿಪ್ಪುನೇರಳೆ ತೋಟದ ಬದುಗಳಲ್ಲಿ ಹುಳುಹುಪ್ಪಟೆ ಹೆಚ್ಚು. ರೇಷ್ಮೆ ಬೆಳೆಯುವವನು ಔಷಧಿ ಸಿಂಪಡಿಸಲು ಹೆದರುತ್ತಾನೆ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದ ವಿಷವೂ ಅವನ ಬೆಳೆಯನ್ನು ಕೆಡಿಸಬಲ್ಲದು. ಆ ಹೆದರಿಕೆಯ ನೆರಳಿನಲ್ಲಿ ಎಷ್ಟೋ ಜೀವಗಳು ಬದುಕಿಕೊಂಡಿವೆ.

ಅಲ್ಲಿ ಒಂದು ನೆಗೆಯುವ ಜೇಡವನ್ನು ನೋಡಿದೆ. ಬೇಟೆಗೆ ಬಲೆ ಕಟ್ಟುವುದಿಲ್ಲ, ಹಾರಿ ಹಿಡಿಯುತ್ತದೆ. ಭತ್ತದ ಕಾಳಿನಷ್ಟು ಗಾತ್ರ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಬಸ್ಸಿನ ದೀಪಗಳಂತೆ ದೊಡ್ಡವು. ಲೆನ್ಸ್ ಹತ್ತಿರ ಬಂದಾಗ ಬೇರೆ ಹುಳುಗಳಾದರೆ ಓಡುತ್ತವೆ ಅಥವಾ ಕದಲದೆ ಕೂರುತ್ತವೆ. ಇದು ಹಾಗಲ್ಲ, ಮೈ ತಿರುಗಿಸಿ ನಮ್ಮನ್ನು ನೋಡಿತು. ಹುಡುಗ ಎಡಕ್ಕೆ ಸರಿದ, ಅದೂ ಎಡಕ್ಕೆ ತಿರುಗಿತು. ಬಲಕ್ಕೆ ಸರಿದ, ಬಲಕ್ಕೆ ತಿರುಗಿತು. ಈ ಛಾಯಾಗ್ರಹಣದ ಸೆಳೆತ ಎಲ್ಲಿದೆ ಎಂದು ನನಗೆ ತಿಳಿದದ್ದು ಆಗ. ಚಂದ ಎಂಬುದು ಸಣ್ಣ ಕಾರಣ. ನಾವು ನೋಡುತ್ತಿದ್ದೇವೆ ಎಂದುಕೊಂಡಿದ್ದಾಗ ಆ ಕಡೆಯಿಂದಲೂ ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾಗುವುದೇ ದೊಡ್ಡ ಕಾರಣ.

ಹೊಂಗೆ ಮರದ ಮೇಲೆ ಕೆಂಜಿಗದ ಗೂಡಿತ್ತು. ಮಲೆನಾಡಿನವರು ಇದನ್ನು ಚಗಳಿ ಎನ್ನುತ್ತಾರೆ. ಎಲೆಗಳನ್ನು ಸೇರಿಸಿ ಹೊಲಿದು ಗೂಡು ಮಾಡುವ ಕೆಂಪು ಇರುವೆ. ಹೊಲಿಯುವ ದಾರ ಎಲ್ಲಿಂದ? ದೊಡ್ಡ ಇರುವೆಗಳ ಮೈಯಲ್ಲಿ ದಾರವಿಲ್ಲ. ಅವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಮೆಲ್ಲಗೆ ಹಿಡಿದು, ನೇಕಾರನ ಲಾಳಿಯ ಹಾಗೆ ಈ ಎಲೆಯಿಂದ ಆ ಎಲೆಗೆ ಆಡಿಸುತ್ತವೆ. ರೇಷ್ಮೆ ಹೊರಬರುವುದು ಮರಿಯ ಬಾಯಿಂದ. ತನ್ನ ಮೈಗೆ ಗೂಡು ಕಟ್ಟಿಕೊಳ್ಳಬೇಕಾಗಿದ್ದ ದಾರವನ್ನು ಮನೆಗೆ ಕೊಟ್ಟುಬಿಡುವ ಆ ಮರಿ ಆಮೇಲೆ ಬರಿಮೈಯಲ್ಲಿ ಕೋಶಾವಸ್ಥೆ ಕಳೆಯುತ್ತದೆ. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿಬೆಳೆದ ನನಗೆ, ನಮ್ಮ ಅಂಗಳದ ಮರದಲ್ಲೇ ಇನ್ನೊಂದು ರೇಷ್ಮೆ ಕಾರ್ಖಾನೆ ನಡೆಯುತ್ತಿದ್ದ ಸುದ್ದಿ ಗೊತ್ತಿರಲಿಲ್ಲ.

ಅದೇ ಕೊಂಬೆಯ ಮೇಲೆ ಒಂಟಿಯಾಗಿ ಓಡಾಡುತ್ತಿದ್ದ ಒಂದು 'ಇರುವೆ'ಯನ್ನು ತೋರಿಸಿ, "ದೊಡ್ಡಪ್ಪ, ಇದರ ಕಾಲು ಎಣಿಸಿ" ಎಂದ. ಪರದೆಯಲ್ಲಿ ಹಿಗ್ಗಿಸಿ ಎಣಿಸಿದರೆ ಎಂಟು! ಅದು ಕೆಂಜಿಗದ ವೇಷ ಹಾಕಿದ ಜೇಡ. ನಡು ಸಣ್ಣಗೆ, ಮೈ ಕೆಂಪಗೆ. ಮುಂದಿನ ಎರಡು ಕಾಲನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಿತ್ತು. ಕಚ್ಚುವ ಇರುವೆಯ ವೇಷದಲ್ಲಿದ್ದರೆ ಹಕ್ಕಿಗಳ ಕಾಟ ಕಡಿಮೆ. ಇಂಥ ವೇಷಧಾರಿಗಳನ್ನೂ ಇರುವೆಗೂಡಿನ ಅತಿಥಿಗಳನ್ನೂ ಬದುಕಿಡೀ ಅಧ್ಯಯನ ಮಾಡಿದವರಲ್ಲಿ ಒಬ್ಬರು ಯೇಸುಸಭೆಯ ಗುರು, ಎರಿಕ್ ವಾಸ್ಮನ್ (1859–1931). ಇರುವೆಗಳ ನಡುವೆ ಇರುವೆಯಂತೆ ನಟಿಸಿ ಬದುಕುವ ಒಂದು ಬಗೆಯ ಅನುಕರಣೆಗೆ ವಿಜ್ಞಾನಿಗಳು ಇಂದಿಗೂ ಅವರ ಹೆಸರನ್ನೇ ಬಳಸುತ್ತಾರೆ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಚಂದದ ಚಿತ್ರಗಳನ್ನು ನೋಡಿ, ದೇವರ ಸೃಷ್ಟಿ ಎಷ್ಟು ಅದ್ಭುತ ಎಂದು ಹೇಳಿ ಎದ್ದುಬಿಡುತ್ತಿದ್ದೆ. ಐದನೆಯ ದಿನ ಮಧ್ಯಾಹ್ನ ಅಡುಗೆಮನೆಯಿಂದ ತಮ್ಮನ ಹೆಂಡತಿಯ ಕೂಗು ಕೇಳಿಸಿತು. "ನೋಡಿ ಭಾವ, ನಿಮ್ಮ ಹುಡುಗ ಮಾಡಿರೋ ಕೆಲಸಾನ! ಮೊಸರಿನ ಪಕ್ಕ ಹುಳ ಇಟ್ಟವ್ನೆ!" ಫ್ರಿಜ್ಜಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಒಂದು ಹಸಿರು ಸೂರ್ಯನ ಕುದುರೆ. ಕೈಮುಗಿದ ಹಾಗೆ ಮುಂಗಾಲು ಮಡಚಿಕೊಂಡು ಕೂರುತ್ತದಲ್ಲ, ಆ ಹುಳು. ಮರಗಟ್ಟಿತ್ತು. ತಣ್ಣಗಾದರೆ ಹುಳು ಅಲ್ಲಾಡುವುದಿಲ್ಲ, ಹೊರಗೆ ತಂದು ಎಲೆಯ ಮೇಲೆ ಕೂರಿಸಿದರೆ ಮತ್ತೆ ಚೇತರಿಸಿಕೊಳ್ಳುವ ಮುನ್ನ ಬೇಕಾದಷ್ಟು ಚಿತ್ರ ತೆಗೆಯಬಹುದು. ಯಾರಿಂದಲೋ ಕಲಿತ ಉಪಾಯ.

ಚಿತ್ರ ತೆಗೆದ. ಬಹಳ ಚೆನ್ನಾಗಿ ಬಂದಿತ್ತು, ಸುಳ್ಳು ಹೇಳಲಾರೆ. ಎಲೆಯ ತುದಿಯಲ್ಲಿ ಹಸಿರು ಹುಳು, ಮೂರು ಮೂಲೆಯ ಮುಖ, ಹಿಂದೆ ಮಸುಕು ಬೆಳಕು. ಬೆಳಗಿನ ಪ್ರಾರ್ಥನೆಗೆ ಕುಳಿತ ಹಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಹಿಪ್ಪುನೇರಳೆ ಗಿಡದ ಮೇಲೆ ಬಿಟ್ಟ. ಕಾಲುಗಳು ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ, ತೂರಾಡುತ್ತಿತ್ತು. ವಿದ್ಯುತ್ ತಂತಿಯ ಮೇಲೆ ಕುಳಿತಿದ್ದ ಕಾಜಾಣವೊಂದು ಇಳಿಯಿತು, ಕಚ್ಚಿಕೊಂಡು ಹೋಯಿತು. ಎಲ್ಲ ಮುಗಿಯಲು ಒಂದು ಕ್ಷಣ ಸಾಕಾಯಿತು.

ನಾನು ಸಿಟ್ಟಿನಿಂದ ಏನೋ ಅಂದೆ. ಹುಡುಗ ಎದುರು ಮಾತಾಡುವವನಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ: "ತಪ್ಪಾಯ್ತು ದೊಡ್ಡಪ್ಪ. ಆದರೆ ಒಂದು ಕೇಳ್ತೀನಿ. ಆ ಕಡೆ ಹುಳುಮನೇಲಿ ಸಾವಿರಾರು ಹುಳು ಇವೆ. ಅಪ್ಪ ಮಾರಿದ ಮೇಲೆ ಅವನ್ನೆಲ್ಲ ಬಿಸೀಲಿ ಸಾಯಿಸ್ತಾರೆ. ಅದು ಪಾಪ ಅಲ್ಲ, ನಾನು ಒಂದು ಹುಳಾನ ಹತ್ತು ನಿಮಿಷ ತಣ್ಣಗೆ ಇಟ್ಟಿದ್ದು ಪಾಪಾನಾ?"

ಓದುಗರೇ, ಮೂವತ್ತೆರಡು ವರ್ಷ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದ ಬಾಯಿ ಆ ಹೊತ್ತು ಮುಚ್ಚಿಕೊಂಡಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನರಸೀಪುರದಲ್ಲಿ ಸರಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಿದೆ. ಅಲ್ಲಿಯ ನೂಲಿಗೂ, 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೂ ನಂಟು. ಒಂದು ಒಳ್ಳೆಯ ಗೂಡಿನಲ್ಲಿ ಸಾವಿರ ಮೀಟರಿನ ಆಸುಪಾಸು ಉದ್ದದ ಒಂದೇ ಎಳೆ ಇರುತ್ತದೆ. ಒಳಗಿನ ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದ್ದರಿಂದ ಬರುವ ಮೊದಲೇ ಹಬೆಯಲ್ಲೋ ಬಿಸಿಗಾಳಿಯಲ್ಲೋ ಸಾಯಿಸುತ್ತಾರೆ. ಚಿಟ್ಟೆ ಹಾರಿಹೋದ ಗೂಡಿನಿಂದಲೂ ಬಟ್ಟೆ ಮಾಡಬಹುದು, ಅಹಿಂಸಾ ರೇಷ್ಮೆ ಎಂದು ಮಾರುತ್ತಾರೆ. ಹತ್ತಿಯಂತೆ ನೂತು ಮಾಡಬೇಕು, ಆ ಹೊಳಪು ಬರುವುದಿಲ್ಲ. ನನ್ನ ಹೆಂಡತಿಯ ಮದುವೆ ಸೀರೆ ಮೈಸೂರು ರೇಷ್ಮೆ. ಪೆಟ್ಟಿಗೆಯಿಂದ ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ಹೊರಬರುತ್ತದೆ. ಸೂರ್ಯನ ಕುದುರೆಯ ಪರವಾಗಿ ವಾದಿಸಲು ನನ್ನ ಕೈ ಅಷ್ಟೇನೂ ಶುಭ್ರವಾಗಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ಶಾಲೆಯಲ್ಲಿ ವಸ್ತುಪ್ರದರ್ಶನ ಎಂದಾಗಲೆಲ್ಲ ಮಕ್ಕಳಿಂದ ಚಿಟ್ಟೆ ಹಿಡಿಸುತ್ತಿದ್ದೆ. ರಟ್ಟಿನ ಮೇಲೆ ರೆಕ್ಕೆ ಬಿಡಿಸಿ ಗುಂಡುಸೂಜಿ ಚುಚ್ಚುತ್ತಿದ್ದೆವು. ಬಹುಮಾನವೂ ಬಂದಿದೆ. ಎಷ್ಟೋ ಚಿಟ್ಟೆಗಳು ಸೂಜಿ ಚುಚ್ಚಿದ ಮೇಲೂ ಸಂಜೆಯವರೆಗೆ ರೆಕ್ಕೆ ಆಡಿಸುತ್ತಿದ್ದವು. ಮಕ್ಕಳು ಅದನ್ನು ನೋಡಿ ನನ್ನ ಮುಖ ನೋಡುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ.

ಅಲುಗಾಡುವ ಜೀವಿಯನ್ನು ನಿಲ್ಲಿಸಿ ನೋಡಬೇಕೆಂಬ ಈ ಆಸೆ ಹೊಸದಲ್ಲ. ಲಂಡನ್ನಿನ ರಾಬರ್ಟ್ ಹುಕ್ 1665ರಲ್ಲಿ 'ಮೈಕ್ರೋಗ್ರಾಫಿಯಾ' ಎಂಬ ಪುಸ್ತಕ ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣಗಳ ದೊಡ್ಡ ದೊಡ್ಡ ಚಿತ್ರಗಳು ಅದರಲ್ಲಿದ್ದವು. ಇರುವೆಯ ಚಿತ್ರ ಬರೆಯುವುದೇ ಅವನಿಗೆ ಕಷ್ಟವಾಯಿತಂತೆ, ಅದು ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಮದ್ಯಸಾರದಲ್ಲಿ ಅದ್ದಿ ಮತ್ತೇರಿಸಿದ. ಸತ್ತಂತೆ ಬಿದ್ದ ಇರುವೆ ಸುಮಾರು ಒಂದು ಗಂಟೆಯ ನಂತರ ಎದ್ದು ಓಡಿತು. ಹುಡುಗನಿಗೆ ಈ ಕತೆ ಹೇಳಿದಾಗ, "ಹಾಗಾದರೆ ನಾನೊಬ್ಬನೇ ಅಲ್ಲ" ಎಂದು ನಕ್ಕ. ನಿಜ. ಆದರೆ ಒಂದು ವ್ಯತ್ಯಾಸವಿದೆ. ಹುಕ್ ತಾನು ಮಾಡಿದ್ದನ್ನು ಪುಸ್ತಕದಲ್ಲೇ ಬರೆದ, ಮುಚ್ಚಿಡಲಿಲ್ಲ.

ರಾತ್ರಿ ನಿದ್ದೆ ಬರದೆ ನಾನು ಹಿಡಿದ ಎಳೆ ಇದೇ. ನನ್ನ ತಮ್ಮ ರೇಷ್ಮೆ ಹುಳುವನ್ನು ಸಾವಿಗೆ ಸಾಕುತ್ತಾನೆ, ಅದು ಅವನಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಆದರೆ ಹುಳು ಜ್ವರಕ್ಕೆ ಕೂತಾಗ ಮನೆಯಲ್ಲಿ ಯಾರೂ ಹುಳುಮನೆಗೆ ಹೋಗಿ ಗಲಾಟೆ ಮಾಡುವಂತಿಲ್ಲ. ಕೊನೆಯ ಹಂತದಲ್ಲಿ ರಾತ್ರಿಯೂ ಎದ್ದು ಸೊಪ್ಪು ಹಾಕುತ್ತಾನೆ. ಆ ದುಡ್ಡಿನಲ್ಲೇ ಈ ಹುಡುಗನ ಕಾಲೇಜಿನ ಫೀಸು ಹೋಗುತ್ತದೆ. ಇದರಿಂದ ಕೊಲ್ಲುವುದು ಸರಿಯಾಯಿತು ಎನ್ನುತ್ತಿಲ್ಲ. ಮನುಷ್ಯನು ಬದುಕಿಗಾಗಿ ತೆಗೆದುಕೊಳ್ಳುವ ಜೀವಕ್ಕೆ ಬೆವರಿನ ರೂಪದಲ್ಲಾದರೂ ಏನೋ ಒಂದನ್ನು ಕೊಡುತ್ತಾನೆ ಎನ್ನುತ್ತಿದ್ದೇನೆ. ಸೂರ್ಯನ ಕುದುರೆಯ ಚಿತ್ರದಲ್ಲಿ ಆ ಕೊಡುವಿಕೆ ಇರಲಿಲ್ಲ. ಮೇಲಾಗಿ ಆ ಚಿತ್ರ, "ನಾನು ತೋಟಕ್ಕೆ ಹೋದಾಗ ಇದು ಹೀಗೆ ಕುಳಿತಿತ್ತು" ಎಂದು ನೋಡುವವರಿಗೆ ಹೇಳುತ್ತಿತ್ತು. ಹುಳುವಿಗೆ ಆದದ್ದು ಒಂದು ಅನ್ಯಾಯ, ನೋಡಿದವರಿಗೆ ಆದದ್ದು ಇನ್ನೊಂದು. ಪ್ರಕೃತಿಯ ಮೇಲೆ ಪ್ರೀತಿ ಹುಟ್ಟಿಸುವ ಚಿತ್ರವೇ ಪ್ರಕೃತಿಯ ಬಗ್ಗೆ ಸುಳ್ಳು ಹೇಳಿದರೆ, ಹುಟ್ಟುವ ಪ್ರೀತಿ ಯಾವುದರ ಮೇಲೆ?

ಬೆಳಿಗ್ಗೆ ಹುಡುಗನಿಗೆ ಇದನ್ನು ಹೇಳಿದೆ. ಅವನು ಅರ್ಧ ಒಪ್ಪಿದ. "ಸುಳ್ಳಿನ ಮಾತು ಸರಿ. ಬೆವರಿನ ಮಾತು ನೀವು ಅಪ್ಪನ ಪರ ಹೇಳ್ತಿರೋದು" ಎಂದ. ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಅರ್ಧ ನನಗೂ ಪೂರ್ತಿ ಬಗೆಹರಿದಿಲ್ಲ.

ಅದನ್ನು ಇನ್ನಷ್ಟು ಕಗ್ಗಂಟು ಮಾಡಿದ್ದು ಊಜಿ ನೊಣ. ರೇಷ್ಮೆ ಬೆಳೆಗಾರರಿಗೆ ಪರಿಚಯಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಇದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ನೊಣ. ಮೊಟ್ಟೆಯೊಡೆದ ಮರಿ ಹುಳುವಿನ ಚರ್ಮ ಕೊರೆದು ಒಳಹೊಕ್ಕು ಒಳಗಿನಿಂದ ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಗೂಡಿನೊಳಗಿಂದ ಕೊರೆದು ಬಂದರೆ ಆ ಗೂಡಿನ ನೂಲು ಬಿಚ್ಚಲು ಬರುವುದಿಲ್ಲ. ಕರ್ನಾಟಕಕ್ಕೆ ಈ ಪೀಡೆ ಬಂದದ್ದು 1980ರಲ್ಲಿ. ಅಂದಿನಿಂದ ಹುಳುಮನೆಗಳ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಂತು. ಊಜಿಯ ಕೋಶಗಳಿಗೆ ಮೊಟ್ಟೆಯಿಟ್ಟು ಅದನ್ನೇ ನಾಶಮಾಡುವ ಒಂದು ಪುಟ್ಟ ಕಣಜವನ್ನೂ ಹುಳುಮನೆಯಲ್ಲಿ ಬಿಡುತ್ತಾರೆ. ಒಂದರ ಹೊಟ್ಟೆಯಲ್ಲಿ ಇನ್ನೊಂದು, ಅದರ ಹೊಟ್ಟೆಯಲ್ಲಿ ಮತ್ತೊಂದು!

ಪರದೆಯ ಮೇಲೆ ಕುಳಿತಿದ್ದ ಊಜಿಯ ಚಿತ್ರವನ್ನು ಹುಡುಗ ತೆಗೆದಿದ್ದ. ಬೂದು ಬಣ್ಣದ ಬೆನ್ನಿನ ಮೇಲೆ ನೇರವಾಗಿ ಎಳೆದ ನಾಲ್ಕು ಕಪ್ಪು ಪಟ್ಟೆ, ಮೈತುಂಬ ಬಿರುಸು ಕೂದಲು, ಗಾಜಿನಂಥ ರೆಕ್ಕೆ. ಏನು ಗಾಂಭೀರ್ಯ ಅಂತೀರಿ! ಚಿತ್ರ ನೋಡಿದ ನನ್ನ ತಮ್ಮ, "ಚೆನ್ನಾಗೈತೆ. ಈಗ ಹೊಡಿ ಅದನ್ನ" ಎಂದ. ಹುಡುಗ ಹೊಡೆದ. ನಾನೂ ತಡೆಯಲಿಲ್ಲ.

ಚಾರ್ಲ್ಸ್ ಡಾರ್ವಿನ್ 1860ರಲ್ಲಿ ತನ್ನ ಅಮೆರಿಕದ ಗೆಳೆಯ ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ ಇಂಥದೇ ಕಣಜಗಳ ಮಾತೆತ್ತಿದ್ದಾನೆ. ಜೀವಂತ ಕಂಬಳಿಹುಳುವನ್ನು ಒಳಗಿನಿಂದ ತಿನ್ನುವ ಜೀವಿಯನ್ನು ಕರುಣಾಮಯಿಯಾದ ದೇವರು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದು ಎಂಬುದು ಅವನ ಸಂಕಟ. ವಿಶ್ವಾಸಿಗಳಾದ ನಾವು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಕ್ಯಾಲೆಂಡರಿನ ಚಿಟ್ಟೆ ನೋಡಿ ದೇವರನ್ನು ಹೊಗಳುವುದು ಸುಲಭ. ಲೆನ್ಸ್ ಹಾಗಲ್ಲ, ಅದು ಚಿಟ್ಟೆಯನ್ನೂ ತೋರಿಸುತ್ತದೆ, ಊಜಿಯನ್ನೂ ತೋರಿಸುತ್ತದೆ. ಎರಡನ್ನೂ ಒಂದೇ ಅಚ್ಚುಕಟ್ಟಿನಿಂದ ಮಾಡಿರುವುದನ್ನು ತೋರಿಸುತ್ತದೆ. ನನಗೆ ಉತ್ತರ ಸಿಕ್ಕಿಲ್ಲ. ಆದರೆ ಅರ್ಧವನ್ನೇ ನೋಡಿ ಮಾಡುವ ಸ್ತುತಿಗಿಂತ ಪೂರ್ತಿ ನೋಡಿ ಸುಮ್ಮನಿರುವುದು ದೇವರಿಗೆ ಕಡಿಮೆ ಗೌರವವೇನಲ್ಲ ಎಂದು ತೋರುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರ ಬಗ್ಗೆ ನಮಗೆಲ್ಲ ಗೊತ್ತಿರುವುದು ಹಕ್ಕಿಗಳಿಗೆ ಬೋಧಿಸಿದ ಕತೆ. ಅವರ ಮೊದಲ ಚರಿತ್ರೆಕಾರ ಚೆಲಾನೊದ ಥಾಮಸ್ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದನ್ನು ದಾಖಲಿಸಿದ್ದಾನೆ. ದಾರಿಯಲ್ಲಿ ಹುಳು ಕಂಡರೆ ಯಾರ ಕಾಲಿಗೂ ಸಿಗದಿರಲೆಂದು ಎತ್ತಿ ಪಕ್ಕಕ್ಕೆ ಬಿಡುತ್ತಿದ್ದರಂತೆ. ಕೀರ್ತನೆಗಳಲ್ಲಿ ನೊಂದ ಮನುಷ್ಯನೊಬ್ಬ ತನ್ನನ್ನು ಹುಳುವಿಗೆ ಹೋಲಿಸಿಕೊಂಡದ್ದು ಅವರ ಮನಸ್ಸಿನಲ್ಲಿತ್ತಂತೆ. ಹಕ್ಕಿಗಾದರೆ ಹಾಡಿದೆ, ಬಣ್ಣವಿದೆ, ನೋಡುವ ಕಣ್ಣಿದೆ. ಮುಖವೇ ಕಾಣದ ಹುಳುವಿಗೆ ಏನಿದೆ? ನಮ್ಮ ಕರುಣೆ ಮುಖ ನೋಡಿ ಮಣೆ ಹಾಕುತ್ತದೆ. ನೆಗೆಯುವ ಜೇಡದ ದೊಡ್ಡ ಕಣ್ಣು ನೋಡಿ ನಾನು ಕರಗಿದೆ. ಊಜಿಯ ಮರಿಗೆ ಕಣ್ಣಿಲ್ಲ, ಮೂತಿಯಿಲ್ಲ, ಅದರ ಚಿತ್ರ ತೆಗೆಯಲು ಹುಡುಗನಿಗೂ ಮನಸ್ಸಾಗಲಿಲ್ಲ. ಲೆನ್ಸ್ ಮಾಡುವ ಉಪಕಾರವೂ ಮೋಸವೂ ಇದೇ ಇರಬಹುದು. ಮುಖವಿಲ್ಲವೆಂದು ನಾವು ತಿಳಿದಿದ್ದವಕ್ಕೆ ಅದು ಮುಖ ಕೊಡುತ್ತದೆ, ನಿಜಕ್ಕೂ ಮುಖವಿಲ್ಲದವನ್ನು ಮತ್ತೆ ಹಿಂದಕ್ಕೇ ಬಿಡುತ್ತದೆ. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ ಆನೆ ಹುಲಿಗಳ ಜೊತೆಗೆ ನಿಲ್ಲಿಸದೆ, ಬೂಸ್ಟು, ಪಾಚಿ, ಹುಳು, ಕೀಟಗಳವರೆಗೂ ಹೋದದ್ದು ಇದಕ್ಕೇ ಇರಬೇಕು. ಕಣ್ಣಿಗೆ ಬೀಳದವುಗಳೂ ನೆಲವನ್ನು ಹೊತ್ತು ನಿಂತಿವೆಯಲ್ಲ.

ನಮ್ಮ ನಾಡಿನಲ್ಲಿ ಕಾಯುವುದನ್ನು ಕಲಿಸಿದ ಕ್ಯಾಮೆರಾ ಹಿರಿಯರು ಇದ್ದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ (1938–2007). ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಯಲ್ಲಿ ಮೂವತ್ತಾರು ಚಿತ್ರ, ತೊಳೆದು ನೋಡುವವರೆಗೆ ಏನು ಬಂದಿದೆಯೋ ಗೊತ್ತಿಲ್ಲ. ಬಡತನವೇ ತಾಳ್ಮೆ ಕಲಿಸುತ್ತಿತ್ತು. ಈಗ ಸಾವಿರ ಚಿತ್ರ ತೆಗೆದರೂ ಖರ್ಚಿಲ್ಲ, ಆದ್ದರಿಂದ ಒಂದು ಹುಳು ಎರಡು ನಿಮಿಷ ಕಾಯಿಸಿದರೂ ಸಹಿಸಲಾಗುವುದಿಲ್ಲ. ಮೈಸೂರಿನವರೇ ಆದ ಕೃಪಾಕರ–ಸೇನಾನಿ ಕಾಡುನಾಯಿಗಳ ಚಿತ್ರಕ್ಕಾಗಿ ವರ್ಷಗಟ್ಟಲೆ ಕಾಡು ಅಲೆದದ್ದನ್ನು ಹುಡುಗನಿಗೆ ಹೇಳಿದೆ. ಅವನಿಗೆ ಗೊತ್ತಿತ್ತು. "ಅವರದ್ದು ಕಾಡುನಾಯಿ ದೊಡ್ಡಪ್ಪ. ಫ್ರಿಜ್ಜಿನಲ್ಲಿ ಹಿಡಿಸಲ್ಲ" ಎಂದ. ಈ ಕಾಲದ ಮಕ್ಕಳ ಬಾಯಿಗೆ ಸಿಕ್ಕಬಾರದು!

ಆದರೂ ಫ್ರಿಜ್ಜಿನ ಡಬ್ಬಿ ಮತ್ತೆ ಕಾಣಲಿಲ್ಲ. ನನ್ನ ಉಪದೇಶದಿಂದ ಎಂದು ಹೇಳಿಕೊಳ್ಳುವ ಆಸೆಯಿದೆ, ಸತ್ಯ ಬೇರೆ. ಅವನು ನಸುಕಿನಲ್ಲಿ ಏಳಲು ಕಲಿತ. ಹುಳುಗಳ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿ, ಅಷ್ಟೇ ತಂಪು. ಸೂರ್ಯ ಹುಟ್ಟುವ ಮೊದಲಿನ ಚಳಿಯಲ್ಲಿ ಅವು ತಾವಾಗಿಯೇ ಅಲ್ಲಾಡದೆ ಕುಳಿತಿರುತ್ತವೆ, ಮೈಮೇಲೆ ಇಬ್ಬನಿ ಬೇರೆ. ಫ್ರಿಜ್ಜು ಕೊಡುವುದನ್ನು ಬೆಳಗು ಬಿಟ್ಟಿಯಾಗಿ ಕೊಡುತ್ತದೆ, ನಾವು ಮಂಚ ಬಿಟ್ಟು ಏಳಬೇಕು ಅಷ್ಟೇ. ನಾನೂ ಟಾರ್ಚ್ ಹಿಡಿದು ಹೋದೆ. ಕಪಿಲೆಯ ಕಡೆಯಿಂದ ಬರುವ ತಂಗಾಳಿ, ನಾಲೆಯ ಏರಿಯ ಒದ್ದೆ ಹುಲ್ಲು. ಹುಲ್ಲಿನ ಕಡ್ಡಿಗೆ ಕಾಲು ಕೊಟ್ಟು ನಿದ್ದೆ ಹೋದ ಒಂದು ಏರೋಪ್ಲೇನ್ ಚಿಟ್ಟೆ, ರೆಕ್ಕೆಯ ತುಂಬ ನೀರಿನ ಮಣಿ. ನಮ್ಮ ಮುಖದ ಮುಂದೆಯೇ ಬಿಸಿಲು ತಾಗಿತು. ರೆಕ್ಕೆ ನಡುಗಿಸಿ ಮೈ ಬಿಸಿಮಾಡಿಕೊಂಡಿತು. ನಡುಕ ನಿಂತಿತು, ಹಾರಿತು. ಹುಡುಗ ಆ ಹೊತ್ತಿಗೆ ಚಿತ್ರ ತೆಗೆಯುವುದನ್ನು ಮರೆತಿದ್ದ.

ಅವನು ಮೈಸೂರಿಗೆ ಹೊರಡುವ ಹಿಂದಿನ ದಿನ ನಡೆದ ಒಂದು ಸಂಗತಿಯನ್ನು ಹೇಳಬೇಕು. ಹಿಂದಿನ ಬೆಳೆಯ ಗೂಡು ಬಿಡಿಸುವಾಗ ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡೊಂದು ಹುಳುಮನೆಯ ಹೊರಕಿಟಕಿಯ ಮೇಲೆ ಉಳಿದುಬಿಟ್ಟಿತ್ತು. ಅವತ್ತು ಬೆಳಿಗ್ಗೆ ಅದು ಒದ್ದೆಯಾಗಿ ತೂತಾಗಿ, ಒಂದು ಬಿಳಿ ಚಿಟ್ಟೆ ಹೊರಬಂದು ಕಟ್ಟೆಯ ಮೇಲೆ ಕುಳಿತಿತ್ತು. ಹುಡುಗನಿಗೆ ಯಾವ ಉಪಾಯವೂ ಬೇಕಾಗಲಿಲ್ಲ, ಅದು ಕದಲುವ ಜಾತಿಯಲ್ಲ. ಚಿತ್ರ ತೆಗೆದು ಅಪ್ಪನನ್ನು ಕರೆದ.

ನನ್ನ ತಮ್ಮ ಇಪ್ಪತ್ತೈದು ವರ್ಷದಿಂದ ರೇಷ್ಮೆ ಬೆಳೆಯುತ್ತಿದ್ದಾನೆ. ಮೊಟ್ಟೆ ತರುತ್ತಾನೆ, ಚಾಕಿ ಹುಳು ನೋಡಿಕೊಳ್ಳುತ್ತಾನೆ, ನಾಲ್ಕು ಜ್ವರ ಕಳೆಸುತ್ತಾನೆ, ಹಣ್ಣಾದ ಹುಳು ಆರಿಸಿ ಚಂದ್ರಂಕಿಗೆ ಬಿಡುತ್ತಾನೆ, ಐದಾರು ದಿನಕ್ಕೆ ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುತ್ತಾನೆ. ಮುಂದಿನದು ಅವನ ಕೈಯಲ್ಲಿಲ್ಲ. ಚಿಟ್ಟೆ ಬಂತೆಂದರೆ ನಷ್ಟ ಎಂದೇ ಅವನ ಲೆಕ್ಕ. ಪರದೆಯ ಮೇಲೆ ಅದು ದೊಡ್ಡದಾಗಿ ಕಂಡಿತು: ಬೆಣ್ಣೆಯಂಥ ರೋಮ, ಬಾಚಣಿಗೆಯಂತೆ ಹಲ್ಲು ಹಲ್ಲಾದ ಎರಡು ಮೀಸೆ, ಎರಡು ಕಪ್ಪು ಕಣ್ಣು.

"ಇದಕ್ಕೆ ಮುಖ ಐತಲ್ಲೋ" ಎಂದ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಏನ್ ತಿನ್ನುತ್ತೆ ಇದು?"

"ಏನೂ ತಿನ್ನಲ್ಲ ಅಪ್ಪ. ಇದರ ಬಾಯಿ ಕೆಲಸಕ್ಕೆ ಬರಲ್ಲ."

"ಹಾರುತ್ತಾ?"

"ಹಾರಲ್ಲ. ಮನುಷ್ಯರು ಸಾವಿರಾರು ವರ್ಷ ಸಾಕಿ ಸಾಕಿ ಅದನ್ನೂ ಮರೆತುಬಿಟ್ಟಿದೆ. ಮೊಟ್ಟೆ ಇಟ್ಟು ಕೆಲವು ದಿನಕ್ಕೆ ಸಾಯುತ್ತೆ."

ತಮ್ಮ ಕ್ಯಾಮೆರಾವನ್ನು ಹಿಂದಕ್ಕೆ ಕೊಡದೆ ಹಿಡಿದುಕೊಂಡೇ ನಿಂತಿದ್ದ. ಹುಳುಮನೆಯೊಳಗಿಂದ ಈ ಬೆಳೆಯ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳಿಸುತ್ತಿತ್ತು, ಸೋನೆ ಮಳೆ ಬಿದ್ದ ಹಾಗೆ. ಆಮೇಲೆ ಕ್ಯಾಮೆರಾ ಕೊಟ್ಟು, ಬಾಗಿಲ ಬಳಿಯ ಬಕೆಟ್ಟಿನಲ್ಲಿ ಎಂದಿನಂತೆ ಕೈ ತೊಳೆದುಕೊಂಡು, ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದ. ಹೋಗುವಾಗ ಹೆಂಡತಿಗೆ ಹೇಳಿದ, "ಆ ಕಿಟಕಿ ಗುಡಿಸಬೇಡ ಎರಡು ದಿನ."